ಹೀರೇಕಾಯಿ ಪೈಕಿ

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಸೇರುವಾಗ ಒಂದು ತರಕಾರಿಯನ್ನು ಆರಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಅದೇ ಹೆಸರು, ಅದೇ ಕುಲ, ಅದೇ ಗೋತ್ರ. ನಾನು ಸೇರುವ ಹೊತ್ತಿಗೆ ಬದನೆ, ಬೆಂಡೆ, ಟೊಮೆಟೊದಂಥ ಮರ್ಯಾದಸ್ಥ ತರಕಾರಿಗಳೆಲ್ಲ ಖರ್ಚಾಗಿದ್ದವು. ಉಳಿದದ್ದರಲ್ಲಿ ಹಾಗಲಕಾಯಿ ಆಗಲು ಮನಸ್ಸಾಗದೆ ಹೀರೇಕಾಯಿ ಆದೆ. ನನಗೆ ಹಾಗಲಕಾಯಿಯೇ ಸರಿಹೋಗುತ್ತಿತ್ತು ಎಂದು ನಮ್ಮ ಯಜಮಾನರು ಇವತ್ತಿಗೂ ಹೇಳುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ನಂಜನಗೂಡಿನ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಪೇಟೆಯ ಸೈಬರ್ ಕೆಫೆಗೆ ಹೋಗಿ, ಪ್ಲೈವುಡ್ಡಿನ ಗೂಡಿನೊಳಗೆ ಒಂದು ಗಂಟೆ ಕೂತು, ಕೈತೋಟದವರ ಈ ಗುಂಪಿಗೆ ಬರೆಯುತ್ತಿದ್ದೆ. ಗೊಬ್ಬರ, ಹುಳ, ಬೀಜ, ಇಷ್ಟೇ ನಮ್ಮ ಮಾತು. ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದ ಕಾಲ ಅದು. ನಾನು ಹಟ ಹಿಡಿದು ಕನ್ನಡ ಟೈಪು ಕಲಿತೆ. ಬರೆದರೆ ಅಚ್ಚಾದ ಪುಸ್ತಕದ ಹಾಗಿರಬೇಕು ಅನ್ನುವ ಜಂಬ ನನಗೆ ಮೊದಲಿನಿಂದಲೂ ಉಂಟು.

ಗುಂಪಿನಲ್ಲಿ ನನಗೆ ತೀರ ಹತ್ತಿರದವರಾದದ್ದು ಸೋರೆಕಾಯಿ ಅಕ್ಕ. ಅವರದು ತಿರುಮಕೂಡಲು ನರಸೀಪುರ ತಾಲ್ಲೂಕು, ಸೋಮನಾಥಪುರದ ಆಚೆಗಿನ ಒಂದು ಹಳ್ಳಿ. ಗದ್ದೆ, ಹಸು, ಹುಲ್ಲಿನ ಮೆದೆ ಇರುವ ದೊಡ್ಡ ಒಕ್ಕಲುಮನೆ. ವಾರಕ್ಕೆರಡು ದಿನ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ, ತಮ್ಮನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಅವರು ಬರೆಯುತ್ತಿದ್ದರು. ಮಂಗಳವಾರ, ಶುಕ್ರವಾರ ಬಂತೆಂದರೆ ನನಗೆ ಕೊನೆಯ ಪೀರಿಯಡ್ಡಿನಲ್ಲಿ ಪಾಠದ ಮೇಲೆ ಗಮನವಿರುತ್ತಿರಲಿಲ್ಲ. ಅವರು ಮೊದಲ ಸಲ ನನಗೆ ಸೋರೆಬೀಜ ಕಳಿಸಿದ್ದು ಹಳೆಯ ಲಗ್ನಪತ್ರಿಕೆಯ ಕವರಿನಲ್ಲಿ. ಎಂಟು ಬೀಜದಲ್ಲಿ ಏಳು ಮೊಳೆತವು. ಒಮ್ಮೆ ನಾನು ಟೈಫಾಯಿಡ್ ಬಂದು ಮಲಗಿ ಮೂರು ವಾರ ಏನೂ ಬರೆಯದಿದ್ದಾಗ ಶಾಲೆಯ ವಿಳಾಸಕ್ಕೆ, ವಿಜ್ಞಾನದ ಟೀಚರಿಗೆ ಎಂದಷ್ಟೇ ಬರೆದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಒಳಗೆ ಇದ್ದದ್ದು ಒಂದೇ ಸಾಲು, ಬದುಕಿದ್ದೀರಾ ಇಲ್ಲವಾ ತಿಳಿಸಿ ಅಂತ. ಜ್ವರದಲ್ಲೂ ನಕ್ಕೆ.

ನಂಜನಗೂಡಿನಿಂದ ನರಸೀಪುರ ಎಷ್ಟು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ನಾಲ್ಕು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಕರೆದಾಗಲೆಲ್ಲ ನಾನು ಪರೀಕ್ಷೆ, ಜನಗಣತಿ, ಚುನಾವಣೆ ಡ್ಯೂಟಿ ಅಂತ ನೆಪ ಹೇಳಿದೆ. ಮೇಷ್ಟ್ರ ಕೆಲಸದಲ್ಲಿ ನೆಪಕ್ಕೆ ಬರವಿಲ್ಲ. ನಿಜವಾದ ಕಾರಣ ನನ್ನ ಹೆದರಿಕೆ. ನಾವು ಬೌದ್ಧರು. ಅಪ್ಪನ ಕಾಲಕ್ಕೆ ಬೌದ್ಧರಾದವರು. ಅದಕ್ಕೂ ಮುಂಚೆ ಊರು ನಮ್ಮನ್ನು ಏನೆಂದು ಕರೆಯುತ್ತಿತ್ತು, ಎಲ್ಲಿ ನಿಲ್ಲಿಸುತ್ತಿತ್ತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋರೆಕಾಯಿ ಅಕ್ಕನಂಥವರ ಮನೆಯ ಮದುವೆಗಳಿಗೆ ನೆಲದಲ್ಲಿ ಉದ್ದದ ಒಲೆ ತೋಡಲು ಅಪ್ಪನನ್ನೇ ಕರೆಯುತ್ತಿದ್ದರು. ಅಪ್ಪ ತೋಡಿದ ಒಲೆಯಲ್ಲಿ ಹೊಗೆ ಸುತ್ತುತ್ತಿರಲಿಲ್ಲವಂತೆ. ಒಲೆ ತೋಡಿದವನ ಊಟ ಮಾತ್ರ ಎಲ್ಲರದೂ ಮುಗಿದ ಮೇಲೆ, ಹಿತ್ತಿಲಿನ ಆಚೆ. ಹೀರೇಕಾಯಿಗೆ ಇದೊಂದೂ ಅಂಟಿರಲಿಲ್ಲ. ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತ ಕೂಡಲೇ ನಾನು ಹೀರೇಕಾಯಿ ಆಗಿ ಉಳಿಯುವುದಿಲ್ಲ, ನಾಲ್ಕು ವರ್ಷದ ಸ್ನೇಹ ಒಂದು ಲೋಟ ನೀರಿನಲ್ಲಿ ಮುಗಿದುಹೋಗುತ್ತದೆ ಅನ್ನುವುದು ನನ್ನ ಭಯ.

ಆ ವರ್ಷ ಬೇಸಿಗೆ ರಜದಲ್ಲಿ ನಮ್ಮ ಯಜಮಾನರು ಒಂದು ಹಳೆಯ ಓಮ್ನಿ ಕೊಂಡರು. ಅವರಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ. ಹತ್ತು ದಿನ ರಜ ಹಾಕಿ, ನಿನ್ನ ತರಕಾರಿ ನೆಂಟರನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರೋಣ ಅಂದರು. ನಾನು ಕುಣಿದುಬಿಟ್ಟೆ. ತುಮಕೂರು, ಧಾರವಾಡ, ಹಾಸನ ಅಂತ ಪಟ್ಟಿ ಮಾಡಿದೆ. ಪಟ್ಟಿಯನ್ನು ಓದಿದ ಅವರು ಕೆಳಗೆ ತಾವೇ ಪೆನ್ನಿನಲ್ಲಿ ಸೋರೆಕಾಯಿ ಎಂದು ಬರೆದರು. ಸಾವಿರ ಕಿಲೋಮೀಟರು ಸುತ್ತಿ ಪಕ್ಕದ ತಾಲ್ಲೂಕಿನವರನ್ನು ನೋಡದೆ ಬಂದರೆ ಅದಕ್ಕಿಂತ ಪುಕ್ಕಲುತನ ಇನ್ನೊಂದಿಲ್ಲ ಎಂದು ಸೇರಿಸಿದರು. ನನಗೆ ಸಿಟ್ಟು ಬಂತು. ಆಮೇಲೆ ಅಕ್ಕನಿಗೆ ಬರೆದೆ, ಕೊನೆಯ ದಿನ ಮಧ್ಯಾಹ್ನ ನಿಮ್ಮಲ್ಲಿಗೆ ಬರುತ್ತೇವೆ ಅಂತ.

ಹೊರಡುವ ಹಿಂದಿನ ದಿನ ಹೆಡತಲೆ ಕಡೆ ಇರುವ ನಮ್ಮ ಹಳ್ಳಿಗೆ ಹೋಗಿ ಅಪ್ಪ, ಅವ್ವನಿಗೆ ವಿಷಯ ಹೇಳಿದೆ. ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮುಖ ಕಾಣದವರ ಜೊತೆ ನಾಲ್ಕು ವರ್ಷ ಮಾತಾಡಿದ್ದೇ ಅವನಿಗೆ ಸೋಜಿಗ. ಯಾವ ಊರು, ಎಂಥ ಮನೆ ಅಂತ ಕೇಳಿ ತಿಳಿದುಕೊಂಡ. ಅವರು ಒಳಕ್ಕೆ ಕರೆದು ಊಟ ಹಾಕುತ್ತಾರೆ ನೋಡು, ಕಾಲ ಬದಲಾಗಿದೆ ಎಂದು ನಾನು ಧೈರ್ಯದ ಮಾತಾಡಿದೆ. ಅಪ್ಪ ಹಗ್ಗದಿಂದ ಕಣ್ಣು ಎತ್ತಲಿಲ್ಲ.

"ಕರ್ದು ಉಣ್ಣಾಕೆ ಇಕ್ಕೋದು ದೊಡ್ಡದಲ್ಲ ಕಣವ್ವ. ಈಗ ಎಲ್ರೂ ಇಕ್ತಾರೆ. ಅವ್ರಲ್ಲಿ ಒಬ್ರಾದ್ರೂ ನಮ್ ಮನೆಗೆ ಬಂದು ಕೂತ್ಕೊಂಡು ಉಣ್ಲಿ. ಆಗ ಒಪ್ತೀನಿ ಸ್ನೇಯ ಅಂತ."

ಆ ಮಾತು ಹತ್ತು ದಿನವೂ ನನ್ನ ಜೊತೆ ಓಮ್ನಿಯಲ್ಲಿ ಕೂತು ಬಂತು.

ಆದರೂ ಅಂಥ ಖುಷಿಯ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ತುಮಕೂರಿನ ನವಿಲುಕೋಸು, ತನ್ನ ತೋಟದ ಬಗ್ಗೆ ವಾರಕ್ಕೊಂದು ಮಹಾಭಾರತ ಬರೆಯುತ್ತಿದ್ದ ಹೆಂಗಸು. ಹೋಗಿ ನೋಡಿದರೆ ತೋಟ ಅಂದದ್ದು ತಾರಸಿಯ ಮೇಲಿನ ನಾಲ್ಕು ಪೇಂಟ್ ಡಬ್ಬ. ನಾವು ಡಬ್ಬಗಳನ್ನು ನೋಡಿದೆವು, ಅವರು ನಮ್ಮನ್ನು ನೋಡಿದರು, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಧಾರವಾಡದ ಮೆಣಸಿನಕಾಯಿ, ಗುಂಪಿನಲ್ಲಿ ಎಲ್ಲರೊಂದಿಗೂ ಜಗಳಕ್ಕೆ ನಿಲ್ಲುವಾತ. ಎದುರಿಗೆ ಬಂದಾಗ ಮಾತೇ ಹೊರಡದ, ಬಾಗಿಲ ಸಂದಿಯಿಂದ ನಾಚಿಕೊಂಡು ನಗುವ ಮನುಷ್ಯ. ಅವರ ತಾಯಿ ನಮ್ಮನ್ನು ಒಂದು ದಿನಕ್ಕೆ ಅಂತ ಕರೆದು ಮೂರು ದಿನ ಬಿಡಲಿಲ್ಲ. ಯಾರ ಹೆಸರೂ ಗೊತ್ತಿಲ್ಲದ್ದರಿಂದ ಬೀದಿಯಲ್ಲಿ ನಿಂತು, ಇಲ್ಲಿ ತರಕಾರಿ ಬೆಳೆಯುವವರ ಮನೆ ಯಾವುದು ಅಂತ ವಿಚಾರಿಸುವುದೇ ನಮಗೆ ದಿನದಿನದ ಪಾಡಾಗಿತ್ತು.

ಒಬ್ಬರಿಗೆ ಮಾತ್ರ ಕಷ್ಟವಾಯಿತು, ಅದು ನಮ್ಮ ಯಜಮಾನರಿಗೆ. ತರಕಾರಿಯವರ ಮನೆ ಅಂದ ಮೇಲೆ ಮೂರು ಹೊತ್ತೂ ತರಕಾರಿ. ದಾರಿಯ ಹೋಟೆಲಿನಲ್ಲಾದರೂ ಒಂದು ತುಂಡು ಬಾಡು ತಿಂದುಬಿಡುತ್ತೇನೆ ಅಂದರೆ ನಾನು ಬಿಡಲಿಲ್ಲ. ಯಾರ ಮನೆಯವರು ಹೇಗೋ ಏನೋ, ಬಟ್ಟೆಗೆ ಮಸಾಲೆ ವಾಸನೆ ಅಂಟೀತು ಅಂದೆ. ಬಾಡಿನ ಹೋಟೆಲಿನ ಬೋರ್ಡು ಕಂಡಾಗಲೆಲ್ಲ ಓಮ್ನಿ ತಾನಾಗಿಯೇ ನಿಧಾನವಾಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡರೆ ಮತ್ತೆ ಓಡುತ್ತಿತ್ತು.

ಹಾಸನದಲ್ಲಿ ಮೂಲಂಗಿ ಅನ್ನುವವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಒಳ್ಳೆಯ ಜನ. ಕಾಫಿ ಕುಡಿಯುತ್ತಾ ಕೂತಿದ್ದಾಗ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ನೀವು ಯಾವ ಪೈಕಿ ಆಯಿತಮ್ಮಾ ಎಂದು ಕೇಳಿಬಿಟ್ಟರು. ನನ್ನ ಬಾಯಿಂದ ಥಟ್ಟನೆ ಬಂತು, ನಾವು ಹೀರೇಕಾಯಿ ಪೈಕಿ ಸಾರ್ ಅಂತ. ಮನೆಮಂದಿಯೆಲ್ಲ ನಕ್ಕರು. ಆ ನಗುವಿನಲ್ಲಿ ಪ್ರಶ್ನೆ ಮುಳುಗಿಹೋಯಿತು. ಓಮ್ನಿ ಹತ್ತಿದ ಮೇಲೆ ನಮ್ಮ ಯಜಮಾನರು ನಗುತ್ತಿರಲಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ, ನಿನ್ನ ಅಪ್ಪ ತಲೆ ಎತ್ತಿಕೊಂಡು ಬೌದ್ಧನಾದ, ನೀನು ಹೀರೇಕಾಯಿ ಆದೆ, ಎಷ್ಟು ದಿನ ಅಂತ ಹೀಗೆ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಉರಿ.

ಮಂಡ್ಯ, ಬನ್ನೂರು ಹಾದು ಸೋಮನಾಥಪುರದ ಕಡೆ ಇಳಿದಾಗ ಹನ್ನೆರಡು ಗಂಟೆ. ಹಿಟ್ಟಿನ ಗಿರಣಿಯ ಎದುರು, ಸಜ್ಜೆಯ ಮೇಲೆ ಸೋರೆಬಳ್ಳಿ ಹಬ್ಬಿರುವ ಮನೆ ಅಂತ ಅಕ್ಕ ಗುರುತು ಬರೆದಿದ್ದರು. ಬಳ್ಳಿಗಿಂತ ಮೊದಲು ಅವರೇ ಕಂಡರು. ನಡುರಸ್ತೆಯಲ್ಲಿ ನಿಂತಿದ್ದರು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಕೆಂಪು ಅಂಚಿನ ಗಂಜಿ ಹಾಕಿದ ಸೀರೆ. ನಾನು ಬಾಗಿಲು ತೆರೆಯುವುದಕ್ಕೂ ಬಿಡದೆ ಕಿಟಕಿಯಿಂದಲೇ ನನ್ನ ಕೆನ್ನೆ ಹಿಂಡಿ, ಬರೆಯೋದು ನೋಡಿದ್ರೆ ದಪ್ಪಗಿರ್ತೀರಿ ಅಂದ್ಕಂಡಿದ್ದೆ ಅಂದರು. ಹೊಸ್ತಿಲಲ್ಲಿ ನಿಂತು ಮೊದಲು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತು, ಅವರು ಕೈ ಹಿಡಿದು ಎಳೆದ ರಭಸಕ್ಕೆ ಹೊಸ್ತಿಲಾಚೆಯೇ ಉಳಿಯಿತು.

ಹಜಾರದಲ್ಲಿ ಅವರ ಅತ್ತೆ ಕೂತಿದ್ದರು. ಎಂಬತ್ತು ದಾಟಿದ ಮುದುಕಿ. ತಮ್ಮ ಯಜಮಾನರು ಹಾಲಿನ ಡೇರಿಯ ಸಭೆಗೆ ನರಸೀಪುರಕ್ಕೆ ಹೋಗಿದ್ದಾರೆಂದು ಅಕ್ಕ ಹೇಳಿದರು. ಅತ್ತೆಗೂ ನನಗೂ ಬೀಜದ ಮಾತಿನಲ್ಲಿ ಹತ್ತು ನಿಮಿಷದೊಳಗೆ ಸಲಿಗೆ ಬೆಳೆಯಿತು. ಅವರೆಬೀಜಕ್ಕೆ ಹುಳ ಬೀಳದಂತೆ ಬೂದಿಯಲ್ಲಿ ಹೇಗೆ ಕಲಸಿಡಬೇಕು ಅಂತ ಅವರು ಕೈಯಲ್ಲಿ ಮಾಡಿ ತೋರಿಸಿದರು. ಈ ನಡುವೆ ಅಕ್ಕ ಒಳಗೂ ಹೊರಗೂ ಓಡಾಡುತ್ತಿದ್ದರು. ಅವರ ಮುಖದಲ್ಲಿ ಏನೋ ಕಳವಳ ಇತ್ತು. ನನ್ನದೇ ಸಾಕಷ್ಟಿದ್ದುದರಿಂದ ಅವರದನ್ನು ವಿಚಾರಿಸಲು ಹೋಗಲಿಲ್ಲ.

ಊಟಕ್ಕೆ ಕೂತೆವು. ಅತ್ತೆಯೂ ನಮ್ಮ ಸಾಲಿನಲ್ಲೇ ಮಣೆ ಹಾಕಿಸಿಕೊಂಡರು. ಕೋಸಂಬರಿ, ಒಬ್ಬಟ್ಟು, ಬೂದುಗುಂಬಳದ ಮಜ್ಜಿಗೆಹುಳಿ, ತಿಳಿಸಾರು. ಒಬ್ಬಟ್ಟು ಚೆನ್ನಾಗಿತ್ತು. ಸಾರಿನಲ್ಲಿ ಮಾತ್ರ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಖಾರವೂ ಇಲ್ಲ. ನಾನು ಬಹಳ ರುಚಿಯಾಗಿದೆ ಅಂದೆ. ನಮ್ಮ ಯಜಮಾನರು ಇಂಥ ಸಾರು ಉಂಡೇ ಇಲ್ಲ ಅಂದರು, ಅದಂತೂ ನಿಜ. ಅಕ್ಕ ತಾವೇ ಮಾಡಿದ ಸಾರನ್ನು ಒಂದು ತುತ್ತು ಬಾಯಿಗಿಟ್ಟು, ಔಷಧಿ ಕುಡಿದವರ ಹಾಗೆ ನುಂಗಿದರು.

ಆಗ ಹಿತ್ತಿಲ ಕಡೆಯಿಂದ ಕೊಕ್ಕೊಕ್ಕೋ ಅಂತ ಸದ್ದು ಬಂತು. ಅಕ್ಕ ಜೋರಾಗಿ ಕೆಮ್ಮಿದರು. ಇನ್ನೊಂದು ಸದ್ದು, ಇನ್ನೊಂದು ಕೆಮ್ಮು. ನಮ್ಮ ಯಜಮಾನರ ಕಿವಿ ನಿಮಿರಿತು. ಸ್ವಲ್ಪ ಹೊತ್ತಿಗೆ ಕೆಂಚಬಣ್ಣದ ದಪ್ಪನೆಯ ನಾಟಿಕೋಳಿಯೊಂದು ಅಡುಗೆಮನೆಯ ಬಾಗಿಲಿನಿಂದ ಬಂದು, ನಮ್ಮ ಎಲೆಗಳ ಮುಂದೆ ನಿಂತು, ಎಲ್ಲರನ್ನೂ ಒಮ್ಮೆ ನೋಡಿತು. ಅಕ್ಕ ಅದು ಪಕ್ಕದ ಮನೆಯದು ಅಂದರು. ಅತ್ತೆ ತುತ್ತು ನಿಲ್ಲಿಸಿ, ನಮ್ಮದೇ ಅಲ್ಲವೇನೇ, ಬೆಳಿಗ್ಗೆ ಐದನ್ನೂ ನೀನೇ ಮಂಕರಿ ಕವುಚಿ ಮುಚ್ಚಿಟ್ಟೆಯಲ್ಲ ಅಂದರು.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತರು. ಆಮೇಲೆ ಎಲ್ಲ ಹೊರಗೆ ಬಂತು. ನಾನು ಬರೆಯುವ ಕನ್ನಡ ನೋಡಿ, ಅದರ ಮೇಲೆ ಟೀಚರು ಬೇರೆ, ನಾವು ಬ್ರಾಹ್ಮಣರೇ ಇರಬೇಕೆಂದು ಅವರು ನಾಲ್ಕು ವರ್ಷದಿಂದ ನಂಬಿದ್ದರು. ಬಾಡು ಬೇಯಿಸುವ ಮನೆಯಲ್ಲಿ ನಾವು ನೀರಾದರೂ ಕುಡಿಯುತ್ತೇವೋ ಇಲ್ಲವೋ ಎಂದು ಹೆದರಿ, ನರಸೀಪುರದ ಪಾತ್ರೆ ಅಂಗಡಿಯಿಂದ ಹೊಸ ಪಾತ್ರೆಗಳನ್ನೇ ತಂದಿದ್ದರು. ಯಾರೋ ಮೇಷ್ಟ್ರ ಹೆಂಡತಿಯ ಹತ್ತಿರ ತಿಳಿಸಾರು ಮಾಡುವುದನ್ನು ಬರೆಸಿಕೊಂಡಿದ್ದರು. ಎರಡು ದಿನದಿಂದ ಮನೆ ತೊಳೆದಿದ್ದರು.

"ಎಲ್ಲಾ ಒಸಾ ಪಾತ್ರೇಲೇ ಮಾಡೀನಿ ಕಣ್ರೀ. ನೀವು ಸಂಕೋಚ ಪಡ್ದೆ ಉಣ್ಬೋದು."

ಎಲ್ಲರ ಹೊಸ್ತಿಲಲ್ಲೂ ಅಳುಕಿಕೊಂಡು ನಿಂತವಳು ನಾನು. ನಾನು ಅವರ ಅಡುಗೆ ಮುಟ್ಟದೆ ಹೋದರೇನು ಗತಿ ಎಂದು ಈ ಮನೆಯ ಯಜಮಾನಿ ಎರಡು ದಿನ ನಿದ್ದೆಗೆಟ್ಟಿದ್ದಾರೆ. ನಗು ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕನ್ನಡವನ್ನು ನೆಟ್ಟಗೆ ಬರೆಯುವವರು ಅಂದರೆ ಬ್ರಾಹ್ಮಣರೇ ಇರಬೇಕೋ? ನಮ್ಮಂಥವರು ಬರೆಯಬಾರದೋ? ಹತ್ತು ದಿನ ನುಂಗಿಕೊಂಡಿದ್ದು ಒಂದೇ ಉಸಿರಿನಲ್ಲಿ ಬಂತು. ಪುಸ್ತಕದ ಕನ್ನಡ ಹೋಗಿ ನಮ್ಮೂರಿನ ಕನ್ನಡ ಬಂತು.

"ನಾವು ಬೌದ್ಧರು ಕಣಕ್ಕ. ಅದ್ಕೂ ಮೊದ್ಲು ನಿಮ್ಮಂತೋರ್ ಮದ್ವೇಲಿ ಒಲೆ ತೋಡ್ಬುಟ್ಟು ಇತ್ಲಾಚೆ ಕೂತು ಉಣ್ತಿದ್ದೋರು. ನಮ್ಮಪ್ಪ ಇನ್ನೂ ಅವ್ನೆ, ಕೇಳಿ ಯೇಳ್ತಾನೆ."

ಕೋಳಿ ಒಬ್ಬಟ್ಟಿನ ಚೂರೊಂದನ್ನು ಹೆಕ್ಕುತ್ತಿತ್ತು. ಅತ್ತೆ ನನ್ನ ಮುಖವನ್ನು ನೋಡಿದರು. ಲೋಟದ ನೀರನ್ನು ಎಲೆಯ ಮೇಲೆಯೇ ಸುರಿದು ಕೈ ತೊಳೆದರು. ಗೋಡೆ ಹಿಡಿದುಕೊಂಡು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎಲ್ಲ ಸಿಹಿಯಾಗಿಯೇ ನಡೆಯಿತು ಅಂತ ಬರೆದರೆ ಸುಳ್ಳಾದೀತು. ಬೂದಿಯಲ್ಲಿ ಬೀಜ ಕಲಸುವುದನ್ನು ತೋರಿಸಿದ್ದ ಆ ಕೈ, ಅರ್ಧ ಊಟ ಬಿಟ್ಟು ಎದ್ದದ್ದನ್ನು ನಾನು ಮರೆತಿಲ್ಲ. ನಾನೂ ಏಳಲು ಕಾಲು ಮಡಚಿದೆ.

ಅಕ್ಕ ನನ್ನ ಮಣಿಕಟ್ಟು ಹಿಡಿದರು. ಅವರ ಮುಖ ಕೆಂಪಾಗಿತ್ತು.

"ಇದ್ನ ಮೊದ್ಲೇ ಯೇಳ್ಬಾರ್ದಿತ್ತಾ ನೀನು?" ಅಂದರು.

ಮುಗಿಯಿತು ಅಂದುಕೊಂಡೆ. ನಾಲ್ಕು ವರ್ಷ, ಅಷ್ಟು ಕಾಗದ, ಅಷ್ಟು ಬೀಜ, ಎಲ್ಲ ಮುಗಿಯಿತು.

"ಯೇಳಿದ್ರೆ ನೆನ್ನೇನೇ ಎಲ್ಡು ಕೋಳಿ ಕೂಯ್ದಿರ್ತಿದ್ದೆ. ಈ ಸಪ್ಪೆ ಸಾರು ಉಣ್ಣೋ ಕರ್ಮ ನಿಂಗೂ ಇರ್ತಿರ್ಲಿಲ್ಲ, ನಂಗೂ ಇರ್ತಿರ್ಲಿಲ್ಲ."

ನಮ್ಮ ಯಜಮಾನರಿಗೆ ನಗು ಬಂದು, ತುತ್ತು ನೆತ್ತಿಗೇರಿ, ಕಣ್ಣಲ್ಲಿ ನೀರು ಬಂತು. ಅಕ್ಕ ಅವರ ಬೆನ್ನು ತಟ್ಟುತ್ತಾ ತಾವೂ ನಕ್ಕರು. ನಾನೂ ನಕ್ಕೆ. ನಾಲ್ಕು ವರ್ಷ ನೀವು, ತಾವು ಎಂದು ಬರೆಯುತ್ತಿದ್ದವರು ನನ್ನನ್ನು ನೀನು ಅಂದದ್ದು ಆಮೇಲೆ ಗಮನಕ್ಕೆ ಬಂತು. ಇನ್ನೊಬ್ಬಳಾಗಿದ್ದರೆ ಅಷ್ಟಕ್ಕೆ ಸಮಾಧಾನಪಡುತ್ತಿದ್ದಳು. ನನ್ನ ಕಣ್ಣು ಮಾತ್ರ ಪಕ್ಕದಲ್ಲಿದ್ದ ಆ ನೀರು ಸುರಿದ ಎಲೆಯ ಮೇಲೇ ಇತ್ತು. ಅಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿಬಿಟ್ಟೆ. ನೀವು ಉಣಬಡಿಸಿದಿರಿ, ಸಂತೋಷ. ನಮ್ಮನೆಗೆ ಬಂದು ಉಣ್ಣುತ್ತೀರಾ?

ಅಕ್ಕ ಮುಚ್ಚಿದ ಬಾಗಿಲನ್ನು ಒಂದು ಸಲ ನೋಡಿದರು. ನಿಮ್ಮಪ್ಪ ಸರಿಯಾಗಿಯೇ ಕೇಳಿದ್ದಾರೆ ಅಂದರು. ನಾವು ಇಲ್ಲಿಂದ ಎಲ್ಲಿಗೆ ಹೋಗುತ್ತೇವೆಂದು ಕೇಳಿದರು. ಅಪ್ಪನ ಮನೆಗೇ, ರಾತ್ರಿ ಅಲ್ಲೇ ಉಳಿದು ನಾಳೆ ನಂಜನಗೂಡಿಗೆ ಅಂದೆ. ಅಕ್ಕ ಎಲೆಗಳನ್ನು ಎತ್ತಿ, ಕೈ ತೊಳೆದು, ಕೋಣೆಯ ಬಾಗಿಲಿಗೆ ಹೋಗಿ ನಿಂತರು. ನಂಜನಗೂಡಿಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಅವರು ಸುಳ್ಳು ಹೇಳಬಹುದಿತ್ತು. ಯಾರೂ ಮರುಮಾತು ಆಡುತ್ತಿರಲಿಲ್ಲ.

"ಅತ್ತೆ, ನಾನು ಇವ್ರ ಮನೆಗೆ ಉಣ್ಣಾಕೆ ಓಗಿ ಬತ್ತೀನಿ. ನಿಮ್ಮಗ ಬಂದ್ರೆ ಅಂಗೇ ಯೇಳಿ."

ಅಕ್ಕ ಒಂದು ನಿಮಿಷ ಕಾದರು. ಆಮೇಲೆ ಸಜ್ಜೆಯಿಂದ ಎರಡು ಸೋರೆಕಾಯಿ ಕಿತ್ತು, ಕಂಕುಳಲ್ಲಿ ಇಟ್ಟುಕೊಂಡು, ಓಮ್ನಿಯ ಹಿಂದಿನ ಸೀಟು ಹತ್ತಿ ಕೂತರು. ಆ ಮನೆಯಲ್ಲಿ ಬಾಳುವವರು ಅವರು, ನಾನಲ್ಲ. ಅವರು ಏನನ್ನು ಪಣಕ್ಕಿಟ್ಟು ಬಂದರೆಂದು ನನಗೆ ಆವತ್ತು ಪೂರ್ತಿ ತಿಳಿಯಲಿಲ್ಲ. ನಾಳೆಗೆ ಅವರನ್ನು ಬಸ್ಸು ಹತ್ತಿಸುವ ಮಾತಾಯಿತು.

ನರಸೀಪುರದಲ್ಲಿ ಕಾಫಿಗೆ ನಿಂತಾಗ ಮೊಬೈಲಿನಿಂದ ಊರಿಗೆ ಫೋನು ಮಾಡಿ, ಇನ್ನೊಬ್ಬರು ಊಟಕ್ಕೆ ಬರುತ್ತಿದ್ದಾರೆ, ಹೀಗೆ ಹೀಗೆ, ನರಸೀಪುರದ ಕಡೆಯ ದೊಡ್ಡ ಮನೆಯವರು ಎಂದು ಅವ್ವನಿಗೆ ಹೇಳಿದೆ. ಅವ್ವ ಅಯ್ಯೋ ಅಂದವಳೇ ಫೋನು ಇಟ್ಟಳು. ದಾರಿಯುದ್ದಕ್ಕೂ ಅಕ್ಕ ಕಿಟಕಿಯಿಂದ ಕೈ ತೋರಿಸಿಕೊಂಡು, ಆ ಗದ್ದೆಗೆ ನೀರು ಜಾಸ್ತಿಯಾಗಿದೆ, ಈ ಬಾಳೆಗೆ ರೋಗ ಬಂದಿದೆ ಅಂತ ಕಂಡವರ ಬೆಳೆಗೆಲ್ಲ ತೀರ್ಪು ಕೊಡುತ್ತಾ ಬಂದರು. ನಾನು ನಾಲ್ಕು ವರ್ಷ ಓದಿದ್ದು ಇದೇ ದನಿಯನ್ನು. ಈಗ ಅದು ಕಿವಿಯ ಹಿಂದೆಯೇ ಕೇಳುತ್ತಿತ್ತು. ಕಪಿಲೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ನನಗೆ ಸಂತೋಷವಾಗಿತ್ತು, ಅದರ ಜೊತೆಗೆ ಭಯವೂ. ಊಟಕ್ಕೆ ಕೂತವರು ಒಂದು ತುತ್ತು ಶಾಸ್ತ್ರಕ್ಕೆ ಬಾಯಿಗಿಟ್ಟು ಎದ್ದುಬಿಟ್ಟರೆ ಅಪ್ಪ ಅದನ್ನು ನೋಡದೆ ಇರುವವನಲ್ಲ.

ಹೊತ್ತು ಮುಳುಗುವ ಮುಂಚೆ ಊರು ಸೇರಿದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಬನ್ನಿ ಅಮ್ಮಾವ್ರೇ ಅಂದ. ಆ ಮಾತು, ಆ ಬಾಗಿದ ಬೆನ್ನು ನೋಡಿ ನನಗೆ ಅಳು ಬಂದಂತಾಯಿತು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಒರೆಸಿ ಹಾಕಿದ್ದರು. ಅಕ್ಕ ಕುರ್ಚಿಯ ಮೇಲೆ ಸೋರೆಕಾಯಿಗಳನ್ನು ಇಟ್ಟು ತಾವು ಚಾಪೆಯ ಮೇಲೆ ಕೂತರು. ಅವ್ವ ಕೊಟ್ಟ ಚೊಂಬಿನ ನೀರನ್ನು ಎತ್ತಿಕೊಂಡು ಗಟಗಟ ಕುಡಿದರು. ಆಮೇಲೆ ಮೂಗು ಅರಳಿಸಿ ಅಡುಗೆಮನೆಯ ಕಡೆ ನೋಡಿದರು. ಊಟಕ್ಕೆ ಏನು ಅಂತ ಕೇಳಿದರು. ಅವ್ವ ಬೇಳೆಸಾರು, ಹುರುಳಿಕಾಯಿ ಪಲ್ಯ ಅಂದಳು. ಅಕ್ಕ ಮತ್ತೊಮ್ಮೆ ಉಸಿರೆಳೆದು, ಹಾಗಾದರೆ ಈ ಬಾಡಿನ ಘಮ ಎಲ್ಲಿಂದ ಬರುತ್ತಿದೆ ಎಂದರು.

ಅವ್ವನ ಮುಖ ಬಿಳಿಚಿತು. ನಾನು ಹತ್ತು ದಿನದ ಮೇಲೆ ಬರುತ್ತೇನೆಂದು ಬೆಳಿಗ್ಗೆಯೇ ಕುರಿಬಾಡು ತಂದು ಸಾರು ಮಾಡಿದ್ದಳಂತೆ. ನನ್ನ ಫೋನು ಬಂದ ಮೇಲೆ, ದೊಡ್ಡ ಮನೆಯವರು ನಮ್ಮ ಮಡಕೆಯ ಬಾಡು ಉಣ್ಣುತ್ತಾರೆಯೇ ಎಂದು ಹೆದರಿ, ಮಡಕೆಯನ್ನು ಪಕ್ಕದ ಮನೆಯ ಚಿಕ್ಕವ್ವನ ಒಲೆಗೆ ಸಾಗಿಸಿ, ಬೇಳೆ ಬೇಯಲು ಹಾಕಿದ್ದಳು. ನಮ್ಮ ಯಜಮಾನರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಎದ್ದು ಹೋಗಿ ಮಡಕೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು. ಅವರ ಮುಖದಲ್ಲಿ ಅಂಥ ಭಕ್ತಿಯನ್ನು ನಾನು ಯಾವತ್ತೂ ನೋಡಿರಲಿಲ್ಲ.

ಚಾಪೆ ಹಾಸಿ ತಟ್ಟೆ ಇಟ್ಟೆವು. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದ. ನೀವು ಉಣ್ಣಿ, ಆಮೇಲೆ ನಾನು ಅಂದ. ಅವನ ಮನೆ, ಅವನ ಅನ್ನ, ಆದರೂ ಅವನ ಕಾಲುಗಳಿಗೆ ಹಳೆಯ ಅಭ್ಯಾಸ. ಅಕ್ಕ ತಟ್ಟೆ ಮುಟ್ಟಲಿಲ್ಲ. ಮುದ್ದೆಯ ಮೇಲಿನ ಹಬೆ ಆರುತ್ತಾ ಬಂದರೂ ಕೈ ಕಟ್ಟಿ ಕೂತೇ ಇದ್ದರು. ಕೊನೆಗೆ ಅಪ್ಪ ಬಂದು ಸಾಲಿನ ತುದಿಯಲ್ಲಿ, ಒಂದಾಳು ಕೂರುವಷ್ಟು ಜಾಗ ಬಿಟ್ಟು ಕೂತ. ಅಕ್ಕ ತಮ್ಮ ತಟ್ಟೆಯನ್ನು ಎಳೆದುಕೊಂಡು ಆ ಜಾಗಕ್ಕೆ ಸರಿದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಇನ್ನೊಂದು ತುತ್ತು. ಒಂದು ಮೂಳೆಯನ್ನು ಚೀಪಿ ತಟ್ಟೆಯ ಅಂಚಿಗಿಟ್ಟರು. ಅಪ್ಪ ತನ್ನ ತಟ್ಟೆ ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದ. ನಾನೂ ಅದನ್ನೇ ನೋಡುತ್ತಿದ್ದೆ.

ಅಕ್ಕ ಅವ್ವನ ಕಡೆ ತಿರುಗಿದರು.

"ಉಪ್ಪು ಜಾಸ್ತಿ ಆಗದೆ ಕಣಕ್ಕ," ಅಂದರು. ಅಂದವರೇ ಇನ್ನೊಂದು ಸೌಟು ಸಾರಿಗೆ ತಟ್ಟೆ ಚಾಚಿದರು.

ಅವ್ವ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ಉಪಕಾರಕ್ಕೆ ಉಣ್ಣಲು ಬಂದವರು ಸಾರನ್ನು ಹೊಗಳುತ್ತಾರೆ. ಮಧ್ಯಾಹ್ನ ನಾವಿಬ್ಬರೂ ಆ ಸಪ್ಪೆ ಸಾರನ್ನು ಹೊಗಳಿದೆವಲ್ಲ, ಹಾಗೆ. ಇವರು ಮನೆಯವರ ಹಾಗೆ ತಪ್ಪು ಹುಡುಕಿ, ಮನೆಯವರ ಹಾಗೆಯೇ ಮತ್ತೆ ಹಾಕು ಅಂದರು. ಅಪ್ಪನಿಗೆ ಅದು ನನಗಿಂತ ಮೊದಲೇ ತಿಳಿಯಿತು. ಅವನು ತೊಡೆ ತಟ್ಟಿಕೊಂಡು ನಗತೊಡಗಿದ. ಅವನ ಆ ನಗುವನ್ನು ನಾನು ಮದುವೆಯಾಗಿ ಹೋದ ಮೇಲೆ ಕೇಳಿರಲಿಲ್ಲ. ಅಮ್ಮಾವ್ರೇ ಅನ್ನುವುದು ಆ ನಗುವಿನಲ್ಲಿ ಎಲ್ಲಿ ಬಿದ್ದುಹೋಯಿತೋ, ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಾ ಅಕ್ಕನಿಗೆ ಹೇಳಿದ:

"ನಲ್ವತ್ತು ವರ್ಸದಿಂದ ನಾನು ಯೇಳ್ತಾ ಇವ್ನಿ, ನನ್ ಮಾತು ಕೇಳಾಕಿಲ್ಲ ಇವ್ಳು. ನೀನಾದ್ರೂ ಯೇಳು ಮಗ."